ಒಂದೂವರೆ ಡಾಲರ್‌ನ ಹಟ

ಅಮೆರಿಕದಿಂದ ಊರಿಗೆ ಬರುವ ನಮ್ಮವರ ಸೂಟ್‌ಕೇಸ್ ತೆಗೆದರೆ ಒಂದು ವಸ್ತು ಹೆಚ್ಚುಕಮ್ಮಿ ಇದ್ದೇ ಇರುತ್ತದೆ. ಕರ್ಕ್‌ಲ್ಯಾಂಡ್ ಬಾದಾಮಿ. ಮೂರು ಪೌಂಡಿನ ದಪ್ಪ ಪ್ಯಾಕೆಟ್ಟು. ನಮ್ಮಮ್ಮ ಅದನ್ನು ಸ್ಟೀಲ್ ಡಬ್ಬಿಗೆ ಸುರಿದುಕೊಂಡು, ಖಾಲಿ ಪ್ಯಾಕೆಟ್ಟನ್ನೂ ಬಿಸಾಡದೆ ತೊಳೆದು ಒಣಗಿಸಿ, ಅದರಲ್ಲಿ ಬ್ಯಾಡಗಿ ಮೆಣಸಿನಕಾಯಿ ತುಂಬಿಡುತ್ತಾರೆ. ಕರ್ಕ್‌ಲ್ಯಾಂಡ್ ಅನ್ನುವುದು ಸಿಯಾಟಲ್ ಪಕ್ಕದ ಒಂದು ಊರು. ಗೋಡೌನಿನಂಥ ದೊಡ್ಡ ಅಂಗಡಿಗಳನ್ನು ನಡೆಸುವ ಕಾಸ್ಟ್‌ಕೋ ಅನ್ನುವ ಅಮೆರಿಕದ ಕಂಪನಿಯ ಮುಖ್ಯ ಕಚೇರಿ ಮೊದಲು ಅಲ್ಲಿತ್ತು. ಆ ಊರಿನ ಹೆಸರನ್ನೇ ಅವರು 1995ರಲ್ಲಿ ತಮ್ಮ ಸ್ವಂತ ಬ್ರ್ಯಾಂಡಿಗೆ ಇಟ್ಟುಕೊಂಡರು.

ಆ ಬಾದಾಮಿ ಪ್ಯಾಕೆಟ್ಟಿನ ಹಿಂದೆ ಇರುವ ವ್ಯಾಪಾರಿಯ ಹೆಸರು ಜಿಮ್ ಸಿನೆಗಲ್. ಕಾಸ್ಟ್‌ಕೋ ಕಟ್ಟಿದ ಇಬ್ಬರಲ್ಲಿ ಒಬ್ಬರು. 1983ರಿಂದ 2011ರ ಕೊನೆಯವರೆಗೆ ಅದನ್ನು ನಡೆಸಿದವರು. ಅವರ ಬಗ್ಗೆ ಹೇಳಲು ಬೇಕಾದಷ್ಟಿದೆ. ನಾನು ಇಲ್ಲಿ ಒಂದೇ ಒಂದು ಸಂದರ್ಭ ಎತ್ತಿಕೊಳ್ಳುತ್ತೇನೆ. ಕೇಳಿದರೆ ಚಿಕ್ಕದು ಅನ್ನಿಸುತ್ತದೆ, ಒಂದು ತಿಂಡಿಯ ಬೆಲೆಯ ವಿಷಯ. ನಾನು ಕಿರಾಣಿ ಅಂಗಡಿಯ ಗಲ್ಲಾ ಪಕ್ಕ ಕೂತು ಬೆಳೆದವನು. ಒಬ್ಬ ವ್ಯಾಪಾರಿ ಎಂಥವನು ಅಂತ ತಿಳಿಯಬೇಕಾದರೆ ಅವನ ಭಾಷಣಕ್ಕಿಂತ ಅವನ ರೇಟು ಚೀಟಿ ನೋಡಬೇಕು ಅಂತ ನನಗೆ ಮೊದಲಿನಿಂದಲೂ ಅನ್ನಿಸಿದೆ.

ಆ ಮಾತುಕತೆ

ಕಾಸ್ಟ್‌ಕೋ ಅಂಗಡಿಗಳಲ್ಲಿ ಬಿಲ್ಲಿಂಗ್ ದಾಟಿ ಹೊರಗೆ ಬರುವ ದಾರಿಯಲ್ಲಿ ಒಂದು ತಿಂಡಿ ಕೌಂಟರ್ ಇರುತ್ತದೆ. ಅಲ್ಲಿ ಒಂದು ಹಾಟ್ ಡಾಗ್ (ಬನ್ನಿನೊಳಗೆ ಇಟ್ಟ ಉದ್ದನೆಯ ಮಾಂಸದ ಸಾಸೇಜ್), ಜೊತೆಗೊಂದು ಲೋಟ ಸೋಡಾ, ಎರಡೂ ಸೇರಿ ಒಂದೂವರೆ ಡಾಲರ್. ಈ ಬೆಲೆ ಶುರುವಾದದ್ದು 1985ರಲ್ಲಿ.

ಕೆಲವು ವರ್ಷ ಬೆಲೆ ಹಾಗೇ ಇದ್ದರೆ ಯಾರೂ ಗಮನಿಸುವುದಿಲ್ಲ. ಇಪ್ಪತ್ತು ವರ್ಷ ದಾಟಿದ ಮೇಲೆ ಲೆಕ್ಕ ಬಿಗಿಯಾಗತೊಡಗಿತು. ಮಾಂಸದ ಬೆಲೆ ಏರಿತು, ಬನ್ನು ಏರಿತು, ಕೆಲಸದವರ ಸಂಬಳ ಏರಿತು. ಕಂಪನಿಯ ದೊಡ್ಡ ಅಧಿಕಾರಿ ಕ್ರೇಗ್ ಜೆಲಿನೆಕ್ ಒಂದು ದಿನ ಸಿನೆಗಲ್ ಹತ್ತಿರ ಹೋದರು. ಅವರೇನು ಹೊಸಬರಲ್ಲ, 1984ರಿಂದ ಕಾಸ್ಟ್‌ಕೋದಲ್ಲೇ ಇದ್ದವರು. "ಜಿಮ್, ಈ ಹಾಟ್ ಡಾಗನ್ನ ಒಂದೂವರೆ ಡಾಲರ್‌ಗೆ ಮಾರೋಕಾಗಲ್ಲ. ತುಂಬಾ ಲಾಸ್ ಆಗ್ತಿದೆ" ಅಂದರು.

ಸಿನೆಗಲ್ ಕೊಟ್ಟ ಉತ್ತರವನ್ನು ಜೆಲಿನೆಕ್ ಅವರೇ 2018ರಲ್ಲಿ ಒಂದು ಸಭೆಯಲ್ಲಿ ಹೇಳಿದ್ದಾರೆ. ಅದರಲ್ಲೊಂದು ಬೈಗುಳ ಇತ್ತು, ಅದನ್ನು ಬಿಟ್ಟು ಬರೆಯುತ್ತೇನೆ: "ಆ ಹಾಟ್ ಡಾಗ್ ರೇಟು ಏರಿಸಿದ್ರೆ ನಿನ್ನ ಕೊಂದೇ ಬಿಡ್ತೀನಿ. ದಾರಿ ಹುಡುಕು."

ಅಷ್ಟೇ. ಮೀಟಿಂಗ್ ಇಲ್ಲ, ವರದಿ ಇಲ್ಲ, ಸಮೀಕ್ಷೆ ಇಲ್ಲ.

ಈ ಮಾತನ್ನು ಅಮೆರಿಕದಲ್ಲಿ ನಗೆಚಟಾಕಿಯ ಹಾಗೆ ಹೇಳಿಕೊಂಡು ತಿರುಗುತ್ತಾರೆ. ಟೀ ಶರ್ಟ್ ಮೇಲೆ ಕೂಡ ಅಚ್ಚು ಹಾಕಿದ್ದಾರೆ. ನನಗೆ ಮಾತ್ರ ಅದರ ಎರಡನೇ ಭಾಗ ಮುಖ್ಯ ಅನ್ನಿಸುತ್ತದೆ. "ದಾರಿ ಹುಡುಕು" ಅನ್ನುವ ಭಾಗ.

ಜೆಲಿನೆಕ್ ಮುಂದೆ ಇದ್ದ ದಾರಿಗಳು

ಯಾವ ಅಂಗಡಿಯವನಿಗೂ ಇಂಥ ಹೊತ್ತಿನಲ್ಲಿ ಮೂರು ಸುಲಭದ ದಾರಿ ಕಾಣುತ್ತವೆ.

ಮೊದಲನೆಯದು ರೇಟು ಏರಿಸುವುದು. ಒಂದೂವರೆ ಇದ್ದದ್ದನ್ನು ಒಂದೂ ಮುಕ್ಕಾಲು ಮಾಡಿದ್ದರೆ ಯಾರು ಜಗಳಕ್ಕೆ ಬರುತ್ತಿದ್ದರು? ಕಾಲು ಡಾಲರ್ ತಾನೇ ಅಂತ ಜನ ಕೊಟ್ಟು ತಿಂದುಕೊಂಡು ಹೋಗುತ್ತಿದ್ದರು. ಎರಡನೆಯದು ನಮಗೆಲ್ಲ ಚೆನ್ನಾಗಿ ಗೊತ್ತಿರುವ ದಾರಿ. ರೇಟು ಹಾಗೇ ಇಟ್ಟು ಸಾಮಾನು ಕಮ್ಮಿ ಮಾಡುವುದು. ಐದು ರೂಪಾಯಿ ಬಿಸ್ಕತ್ ಪ್ಯಾಕೆಟ್ಟು ವರ್ಷ ವರ್ಷಕ್ಕೂ ಹಗುರ ಆಗುವುದನ್ನು ನೋಡಿದ್ದೇವೆ. ಹೋಟೆಲಿನ ಇಡ್ಲಿ ಕುಗ್ಗುವುದನ್ನು, ಉದ್ದಿನ ವಡೆಯ ತೂತು ಹಿಗ್ಗುವುದನ್ನು ನೋಡಿದ್ದೇವೆ. ಮೂರನೆಯದು, ಸುಮ್ನೆ ಆ ಐಟಮ್ಮನ್ನೇ ಮೆನುವಿನಿಂದ ತೆಗೆದುಬಿಡುವುದು.

ಕಾಸ್ಟ್‌ಕೋ ಮೂರನ್ನೂ ಮಾಡಲಿಲ್ಲ. ಅಲ್ಲಿಯವರೆಗೆ ಹಾಟ್ ಡಾಗ್ ಬರುತ್ತಿದ್ದದ್ದು ಹೀಬ್ರೂ ನ್ಯಾಷನಲ್ ಅನ್ನುವ ಹೆಸರಾಂತ ಬ್ರ್ಯಾಂಡಿನಿಂದ. ಯಹೂದಿ ಪದ್ಧತಿಯ ಪ್ರಕಾರ ತಯಾರಾಗುವ ಮಾಂಸ ಅದು. ಸಿಗುವುದು ಕಷ್ಟ, ಬೆಲೆಯೂ ಜಾಸ್ತಿ. 2000ದ ದಶಕದ ಕೊನೆಯಲ್ಲಿ ಕಾಸ್ಟ್‌ಕೋ ಅದನ್ನು ಬಿಟ್ಟು ತನ್ನ ಹಾಟ್ ಡಾಗನ್ನು ತಾನೇ ಮಾಡಿಕೊಳ್ಳಲು ಶುರು ಮಾಡಿತು. ಮೊದಲು ಕ್ಯಾಲಿಫೋರ್ನಿಯಾದಲ್ಲಿ ಒಂದು ಕಾರ್ಖಾನೆ. ಆಮೇಲೆ ಶಿಕಾಗೋದಿಂದ ಅಷ್ಟೇನೂ ದೂರವಿಲ್ಲದ ಮಾರಿಸ್ ಅನ್ನುವ ಊರಿನಲ್ಲಿ ಇನ್ನೊಂದು. ನಡುವಿನವರ ಲಾಭ ಹೋಯಿತು, ಸಾಗಾಟದ ಖರ್ಚು ಇಳಿಯಿತು. ಬಂದ ಹಾಟ್ ಡಾಗ್ ಮೊದಲಿನದಕ್ಕಿಂತ ತುಸು ದಪ್ಪ, ತುಸು ಉದ್ದ.

ಸೋಡಾದ ಕಡೆಗೂ ಇದೇ ಕಥೆ. ಮೊದಲು 12 ಔನ್ಸಿನ ಡಬ್ಬಿ ಕೊಡುತ್ತಿದ್ದರು. ಆಮೇಲೆ ಡಬ್ಬಿ ಬಿಟ್ಟು ಮಷಿನ್ ಇಟ್ಟರು, 20 ಔನ್ಸಿನ ಲೋಟ ಕೊಟ್ಟರು, ಬೇಕಾದರೆ ಮತ್ತೊಮ್ಮೆ ತುಂಬಿಸಿಕೊಳ್ಳಿ ಅಂದರು. 2013ರಲ್ಲಿ ತಿಂಡಿ ಕೌಂಟರ್‌ಗಳಲ್ಲಿ ಕೋಕ್ ಬಿಟ್ಟು ಪೆಪ್ಸಿ ತಂದರು. ಗಿರಾಕಿಗೆ ಸಿಗುವ ಲೋಟ ದೊಡ್ಡದೇ ಆಯಿತು, ರೇಟು ಮಾತ್ರ ಅಲ್ಲಾಡಲಿಲ್ಲ.

2018ರ ಆ ಸಭೆಯಲ್ಲಿ ಜೆಲಿನೆಕ್ ಈ ಕಥೆ ಹೇಳಿ, ಈಗ ಇದೇ ಬೆಲೆಯಲ್ಲೂ ನಮಗೆ ನ್ಯಾಯವಾದ ಲಾಭ ಸಿಗುತ್ತಿದೆ ಅಂತ ಸೇರಿಸಿದರು. ಬಾಸ್ ಬೈದದ್ದನ್ನು ಹೇಳುವಾಗ ಅವರ ಮಾತಿನಲ್ಲಿ ದೂರು ಇರಲಿಲ್ಲ. ರೇಟು ಏರಿಸುವ ಬಾಗಿಲನ್ನು ಸಿನೆಗಲ್ ಬೀಗ ಹಾಕಿ ಬೀಗದ ಕೈ ಎಸೆದುಬಿಟ್ಟಿದ್ದರು. ಹಾಗಾಗಿ ಜೆಲಿನೆಕ್ ಅವರ ತಲೆ ಬೇರೆ ಕಡೆ ಓಡಲೇಬೇಕಾಯಿತು. ಬಾಗಿಲು ಅರ್ಧ ತೆರೆದಿದ್ದರೆ ಆ ಕಾರ್ಖಾನೆ ಏಳುತ್ತಿತ್ತಾ? ನನಗೆ ನಂಬಿಕೆ ಇಲ್ಲ.

ಈ ಹಟ ಎಲ್ಲಿಂದ ಬಂತು

ಸಿನೆಗಲ್ ಹುಟ್ಟಿದ್ದು 1936ರ ಜನವರಿ 1ರಂದು, ಪಿಟ್ಸ್‌ಬರ್ಗ್‌ನಲ್ಲಿ, ದುಡಿದು ತಿನ್ನುವ ಕುಟುಂಬದಲ್ಲಿ. 1954ರಲ್ಲಿ ಅವರು ಸ್ಯಾನ್ ಡಿಯಾಗೊದಲ್ಲಿ ಕಾಲೇಜು ಹುಡುಗ. ಹೊಸದಾಗಿ ತೆರೆದಿದ್ದ ಫೆಡ್‌ಮಾರ್ಟ್ ಅನ್ನುವ ಅಂಗಡಿಯಲ್ಲಿ ಲಾರಿಯಿಂದ ಹಾಸಿಗೆ ಇಳಿಸಲು ಆಳು ಬೇಕು, ಒಂದು ದಿನದ ಕೆಲಸ, ಬರ್ತೀಯಾ ಅಂತ ಗೆಳೆಯನೊಬ್ಬ ಕರೆದ. ಗಂಟೆಗೆ 1.25 ಡಾಲರ್ ಕೂಲಿ. ಆ ಒಂದು ದಿನದ ಕೆಲಸ ಇಪ್ಪತ್ತು ವರ್ಷಕ್ಕೂ ಜಾಸ್ತಿ ನಡೆಯಿತು. ಹಾಸಿಗೆ ಹೊತ್ತ ಹುಡುಗ ಅದೇ ಕಂಪನಿಯ ಉಪಾಧ್ಯಕ್ಷನಾದ.

ಫೆಡ್‌ಮಾರ್ಟ್ ಯಜಮಾನ ಸಾಲ್ ಪ್ರೈಸ್. ವೃತ್ತಿಯಿಂದ ವಕೀಲ. ವ್ಯಾಪಾರವನ್ನೂ ವಕೀಲರ ಹಾಗೆ ನೋಡುತ್ತಿದ್ದ ಮನುಷ್ಯ. ಒಬ್ಬ ವಕೀಲ ತನ್ನ ಕಕ್ಷಿದಾರನ ಪರ ನಿಲ್ಲಬೇಕು ಅಲ್ವಾ? ಹಾಗೆಯೇ ಅಂಗಡಿಯವನು ಗಿರಾಕಿಯ ಪರ ನಿಂತು ತಯಾರಕನ ಹತ್ತಿರ ಚೌಕಾಸಿ ಮಾಡಬೇಕು ಅನ್ನುವುದು ಅವರ ನಿಲುವು. ಎಲ್ಲ ಸಾಮಾನನ್ನೂ ಇಡಲು ಹೋಗಬೇಡ, ಕೆಲವು ವ್ಯಾಪಾರವನ್ನು ತಿಳಿದೇ ಬಿಟ್ಟುಕೊಡು ಅಂತಲೂ ಕಲಿಸಿದರು. ಇವತ್ತಿಗೂ ಒಂದು ಕಾಸ್ಟ್‌ಕೋದಲ್ಲಿ ಸಿಗುವುದು ಹೆಚ್ಚೆಂದರೆ 4,000 ಬಗೆಯ ಸಾಮಾನು. ಅಲ್ಲಿನ ಮಾಮೂಲಿ ಸೂಪರ್ ಮಾರ್ಕೆಟ್ಟುಗಳಲ್ಲಿ ಅದರ ಹಲವು ಪಟ್ಟು ಇರುತ್ತದೆ. ಬಗೆ ಕಮ್ಮಿಯಾದಷ್ಟೂ ಒಂದೊಂದರದ್ದೂ ಭಾರಿ ಖರೀದಿ. ಭಾರಿ ಖರೀದಿ ಇದ್ದರೆ ಚೌಕಾಸಿಗೆ ಬಲ.

ಫೆಡ್‌ಮಾರ್ಟನ್ನು 1975ರಲ್ಲಿ ಜರ್ಮನಿಯ ವ್ಯಾಪಾರಿಯೊಬ್ಬರು ಕೊಂಡರು. ಕೆಲವೇ ತಿಂಗಳಲ್ಲಿ ಸಾಲ್ ಪ್ರೈಸ್ ಅವರನ್ನು ಅವರೇ ಕಟ್ಟಿದ ಕಂಪನಿಯಿಂದ ಹೊರಗೆ ಹಾಕಲಾಯಿತು. 1976ರಲ್ಲಿ ಅವರು ಸ್ಯಾನ್ ಡಿಯಾಗೊದ ಹಳೇ ವಿಮಾನ ಶೆಡ್ ಒಂದರಲ್ಲಿ ಪ್ರೈಸ್ ಕ್ಲಬ್ ತೆರೆದರು. ವರ್ಷಕ್ಕೊಮ್ಮೆ ಫೀಸು ಕಟ್ಟಿ ಸದಸ್ಯರಾಗಬೇಕು, ಸಾಮಾನು ಗೋಡೌನ್ ರೇಟಿಗೆ ಸಿಗುತ್ತದೆ. ಸಿನೆಗಲ್ ಅಲ್ಲೂ ಸ್ವಲ್ಪ ಕಾಲ ಇದ್ದರು. ಆಮೇಲೆ ಸಿಯಾಟಲ್‌ನ ವಕೀಲ ಜೆಫ್ ಬ್ರಾಟ್‌ಮನ್ ಜೊತೆ ಸೇರಿ 1983ರ ಸೆಪ್ಟೆಂಬರ್ 15ರಂದು ಅದೇ ಮಾದರಿಯಲ್ಲಿ ಮೊದಲ ಕಾಸ್ಟ್‌ಕೋ ತೆರೆದರು. ಆರು ವರ್ಷ ತುಂಬುವ ಮೊದಲೇ ವರ್ಷದ ವಹಿವಾಟು ಸೊನ್ನೆಯಿಂದ 300 ಕೋಟಿ ಡಾಲರ್ ಮುಟ್ಟಿತು. 1993ರಲ್ಲಿ ಗುರುವಿನ ಕಂಪನಿ, ಶಿಷ್ಯನ ಕಂಪನಿ ಎರಡೂ ಒಂದಾದವು.

ಸಾಲ್ ಪ್ರೈಸ್ ಅವರಿಂದ ನೀವು ಬಹಳ ಕಲಿತಿರಬೇಕು ಅಂತ ಯಾರೋ ಕೇಳಿದಾಗ ಸಿನೆಗಲ್, "ಬಹಳ ಅಲ್ಲ, ನನಗೆ ಗೊತ್ತಿರೋದನ್ನೆಲ್ಲ ಅಲ್ಲೇ ಕಲಿತೆ" ಅನ್ನುವ ಅರ್ಥದ ಉತ್ತರ ಕೊಟ್ಟರು. ಯಶಸ್ಸು ಕಂಡ ಮನುಷ್ಯ ಹೀಗೆ ಹೇಳುವುದು ಅಪರೂಪ. ನಾನೇ ಕಂಡುಹಿಡಿದೆ ಅನ್ನುವವರೇ ಜಾಸ್ತಿ.

ನೂರಕ್ಕೆ ಹದಿನಾಲ್ಕು

ಹಾಟ್ ಡಾಗ್ ಕಥೆಯನ್ನು ಒಂದು ತಿಂಡಿಯ ಮೇಲಿನ ಪ್ರೀತಿ ಅಂತ ಓದಿದರೆ ತಪ್ಪಾಗುತ್ತದೆ. ಅದರ ಕೆಳಗೆ ಇನ್ನೊಂದು ದೊಡ್ಡ ನಿಯಮ ಇದೆ. ಕಾಸ್ಟ್‌ಕೋದಲ್ಲಿ ಯಾವ ಬ್ರ್ಯಾಂಡಿನ ಸಾಮಾನನ್ನೂ ಕೊಂಡ ಬೆಲೆಯ ಮೇಲೆ ನೂರಕ್ಕೆ 14ಕ್ಕಿಂತ ಜಾಸ್ತಿ ಇಟ್ಟು ಮಾರುವಂತಿಲ್ಲ. ತಮ್ಮದೇ ಕರ್ಕ್‌ಲ್ಯಾಂಡ್ ಆದರೆ 15. ಮಾಮೂಲಿ ಸೂಪರ್ ಮಾರ್ಕೆಟ್ಟು ಅಲ್ಲಿ ನೂರಕ್ಕೆ 25ರಷ್ಟು ಇಡುತ್ತದೆ, ಬಟ್ಟೆಬರೆಯ ದೊಡ್ಡ ಮಳಿಗೆಗಳು 50, ಅದಕ್ಕೂ ಜಾಸ್ತಿ.

ಸಿನೆಗಲ್ ಹೇಳಿಕೊಂಡಿರುವ ಒಂದು ಜೀನ್ಸ್ ಪ್ಯಾಂಟಿನ ಕಥೆ ಇಲ್ಲಿ ಹೇಳಬೇಕು. ಕ್ಯಾಲ್ವಿನ್ ಕ್ಲೈನ್ ಜೀನ್ಸನ್ನು ಅವರು 29.99 ಡಾಲರ್‌ಗೆ ಮಾರುತ್ತಿದ್ದರು. ಬೇರೆ ಕಡೆ ಅದಕ್ಕಿಂತ ಎಷ್ಟೋ ಜಾಸ್ತಿ ಇದ್ದುದರಿಂದ ಆ ಬೆಲೆಗೇ ಜನ ಮುಗಿಬೀಳುತ್ತಿದ್ದರು. ಮುಂದೊಂದು ಸಲ ಅದೇ ಜೀನ್ಸ್ ರಾಶಿ ರಾಶಿ, ಇನ್ನೂ ಅಗ್ಗಕ್ಕೆ ಸಿಕ್ಕಿತು. ಹಳೇ ರೇಟಿಗೇ ಮಾರಿದ್ದರೆ ಒಂದೊಂದರ ಮೇಲೂ 7 ಡಾಲರ್ ಸುಮ್ನೆ ಉಳಿಯುತ್ತಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವರು 22.99ಕ್ಕೆ ಮಾರಿದರು.

ಇದನ್ನು ಓದಿದಾಗ ನನಗೆ ನಮ್ಮಪ್ಪನ ಅಂಗಡಿ ನೆನಪಾಯಿತು. ಈರುಳ್ಳಿ ರೇಟು ರಾತ್ರೋರಾತ್ರಿ ಏರಿದ ದಿನ ನಮ್ಮ ಬೀದಿಯ ಅಂಗಡಿಗಳಲ್ಲೆಲ್ಲ ಬೆಳಿಗ್ಗೆಯೇ ಹೊಸ ರೇಟು. ಅಪ್ಪ ಮಾತ್ರ ಮೂಲೆಯಲ್ಲಿದ್ದ ಎರಡು ಮೂಟೆ ಮುಗಿಯುವ ತನಕ ಹಳೇ ರೇಟಿಗೇ ತೂಗುತ್ತಿದ್ದರು. "ಇದು ನಾನು ಹಳೇ ರೇಟಿಗೆ ತಂದಿದ್ದು" ಅನ್ನುವುದೊಂದೇ ಅವರ ವಾದ. ಅಮ್ಮನಿಗೆ ಆಗ ಬೇಜಾರು, ಪಕ್ಕದವರು ಎರಡು ದಿನದಲ್ಲಿ ಇಷ್ಟು ಮಾಡಿಕೊಂಡರು ಅಂತ. ಅಪ್ಪನಿಗೆ ಶೇಕಡಾವಾರು ನಿಯಮ ಗೊತ್ತಿರಲಿಲ್ಲ. ಆದರೆ ಬಂದ ಲಾಭ ತನ್ನದೋ ಅಲ್ಲವೋ ಅಂತ ಕೇಳಿಕೊಳ್ಳುವ ಅಭ್ಯಾಸ ಇತ್ತು.

ಸಿನೆಗಲ್ ಮತ್ತು ನಮ್ಮಪ್ಪನಂಥ ಅಂಗಡಿಯವರ ನಡುವೆ ವ್ಯತ್ಯಾಸ ಇರುವುದು ಇಲ್ಲೇ. ಅಪ್ಪನ ಒಳ್ಳೆಯತನ ಅಪ್ಪ ಗಲ್ಲಾದಲ್ಲಿ ಕೂತಿರುವ ತನಕ. ಕೆಲಸದ ಹುಡುಗ ಕೂತ ದಿನ ಅದು ನಡೆಯುತ್ತದೆ ಅನ್ನುವ ಗ್ಯಾರಂಟಿ ಇಲ್ಲ. ಸಿನೆಗಲ್ ತಮ್ಮ ಮೌಲ್ಯವನ್ನು ಒಂದು ಅಂಕಿಯಾಗಿ ಬರೆದಿಟ್ಟರು. 14. 15. 1.50. "ಗಿರಾಕಿಗೆ ನ್ಯಾಯ ಮಾಡಿ" ಅಂತ ಗೋಡೆಗೆ ಬೋರ್ಡು ಹಾಕಿದರೆ ಸಾವಿರ ಮ್ಯಾನೇಜರುಗಳು ಸಾವಿರ ಥರ ಅರ್ಥ ಮಾಡಿಕೊಳ್ಳುತ್ತಾರೆ. "14 ದಾಟಬೇಡ" ಅಂದರೆ ಬೇರೆ ಅರ್ಥ ಮಾಡಿಕೊಳ್ಳಲು ಜಾಗವೇ ಇಲ್ಲ. ಯಜಮಾನನೇ ಒಂದು ದಿನ ಮನಸ್ಸು ಸಡಿಲ ಮಾಡಿಕೊಂಡರೂ ಅಂಕಿ ಎದುರಿಗೆ ನಿಂತು ಕೇಳುತ್ತದೆ.

ಸಾಲ್ಮನ್ ಮೀನಿನ ವಿಷಯದಲ್ಲೂ ಹೀಗೇ ಆಯಿತು. 1990ರ ದಶಕದ ನಡುವೆ ಪೌಂಡಿಗೆ 5.99 ಡಾಲರ್‌ಗೆ ಮಾರುತ್ತಿದ್ದರು. ಕೊಬ್ಬು, ರೆಕ್ಕೆ ತೆಗೆದ ಇನ್ನೂ ಒಳ್ಳೆ ತುಂಡು ಕಮ್ಮಿಗೆ ಸಿಕ್ಕಿತು, 5.29 ಮಾಡಿದರು. ಆಮೇಲೆ ಚರ್ಮ ಸುಲಿದು ಸಣ್ಣ ಮುಳ್ಳನ್ನೂ ಕಿತ್ತು ಕೊಡುವಂತೆ ಮಾಡಿಸಿದರು, 4.99. ಮೀನು ಸಾಕುವವರಿಂದಲೇ ನೇರ ಖರೀದಿ ಶುರುವಾದ ಮೇಲೆ 4.79. ಮಾಲು ಒಂದೊಂದು ಮೆಟ್ಟಿಲು ಹತ್ತುತ್ತಿದೆ, ಬೆಲೆ ಒಂದೊಂದು ಮೆಟ್ಟಿಲು ಇಳಿಯುತ್ತಿದೆ. ಹೊಸದಾಗಿ ಖರೀದಿ ವಿಭಾಗಕ್ಕೆ ಬಂದವರಿಗೆ ಈ ಕಥೆಯನ್ನು ಪಾಠದ ಹಾಗೆ ಹೇಳುತ್ತಾರೆ. ಮ್ಯಾನೇಜರ್ ಆದವನು ತನ್ನ ಹೊತ್ತಿನಲ್ಲಿ ನೂರಕ್ಕೆ 90 ಭಾಗ ಕಲಿಸುವುದಕ್ಕೇ ಕೊಡಬೇಕು, ಕೊಡದಿದ್ದರೆ ಅವನು ತನ್ನ ಕೆಲಸ ಮಾಡುತ್ತಿಲ್ಲ ಅಂತ ಸಿನೆಗಲ್ ಹೇಳುತ್ತಿದ್ದರು.

ಇನ್ನೊಂದು ಒಂದೂವರೆ ಡಾಲರ್

ಬೆಲೆ ಕಮ್ಮಿ ಇಡುವ ವ್ಯಾಪಾರಿ ಸಾಮಾನ್ಯವಾಗಿ ಕೆಲಸದವರ ಸಂಬಳದಲ್ಲಿ ಉಳಿಸುತ್ತಾನೆ. ಹಾಟ್ ಡಾಗ್ ನಷ್ಟವನ್ನು ಹಾಗೆ ತುಂಬಿಕೊಂಡಿದ್ದರೆ ನಾನು ಈ ಪ್ರಕರಣ ಬರೆಯುತ್ತಲೇ ಇರಲಿಲ್ಲ.

2005ರ ಹೊತ್ತಿಗೆ ಕಾಸ್ಟ್‌ಕೋದಲ್ಲಿ ಗಂಟೆಗೆ ಸರಾಸರಿ 17 ಡಾಲರ್ ಸಂಬಳ ಇತ್ತು. ಅದೇ ಥರದ ವ್ಯಾಪಾರ ಮಾಡುವ, ವಾಲ್‌ಮಾರ್ಟ್‌ಗೆ ಸೇರಿದ ಸ್ಯಾಮ್ಸ್ ಕ್ಲಬ್‌ಗಿಂತ ಇದು ನೂರಕ್ಕೆ 40ಕ್ಕೂ ಜಾಸ್ತಿ. ಜೊತೆಗೆ ಆರೋಗ್ಯ ವಿಮೆ. ಶೇರು ಮಾರುಕಟ್ಟೆಯ ಪಂಡಿತರಿಗೆ ಇದು ಹಿಡಿಸಲಿಲ್ಲ. ಕಾಸ್ಟ್‌ಕೋದಲ್ಲಿ ಶೇರುದಾರನಾಗುವುದಕ್ಕಿಂತ ನೌಕರನೋ ಗಿರಾಕಿಯೋ ಆಗಿರುವುದು ಮೇಲು ಅಂತ ಒಬ್ಬ ವಿಶ್ಲೇಷಕ ಹೇಳಿದ. ಮುಂದಿನ ಗುರುವಾರದೊಳಗೆ ದುಡ್ಡು ಮಾಡುವುದು ವಾಲ್ ಸ್ಟ್ರೀಟ್‌ನವರ ಕೆಲಸ, ಇನ್ನು 50, 60 ವರ್ಷ ಆದ ಮೇಲೂ ಇರುವಂಥ ಕಂಪನಿ ಕಟ್ಟುವುದು ನಮ್ಮ ಕೆಲಸ ಅಂತ ಸಿನೆಗಲ್ ಉತ್ತರ ಕೊಟ್ಟರು. ಆ ಮಾತು ನಡೆದ 2005ರಲ್ಲಿ ಕಾಸ್ಟ್‌ಕೋ ಶೇರು 50 ಡಾಲರ್ ಒಳಗಿತ್ತು. 2024ರ ಕೊನೆಯಲ್ಲಿ 900 ದಾಟಿತ್ತು.

ತಮ್ಮ ಸಂಬಳ ಅವರು 3,50,000 ಡಾಲರ್‌ಗೆ ನಿಲ್ಲಿಸಿಕೊಂಡಿದ್ದರು. ಅಷ್ಟು ದೊಡ್ಡ ಅಮೆರಿಕನ್ ಕಂಪನಿಯ ಮುಖ್ಯಸ್ಥನಿಗೆ ಇದು ಬಹಳ ಕಮ್ಮಿ. ಅಂಗಡಿಯಲ್ಲಿ ನಿಂತು ಕೆಲಸ ಮಾಡುವವರ ಸಂಬಳದ ಸುಮಾರು 12 ಪಟ್ಟು ಇದ್ದರೆ ಸರಿ ಅನ್ನಿಸಿತು ಅಂದರು. ಇಲ್ಲೂ ಒಂದು ಅಂಕಿ, ನೋಡಿ. ಕಚೇರಿ ಫೋನು ತಾವೇ ಎತ್ತುತ್ತಿದ್ದರು. ಅಂಗಡಿ ಸುತ್ತುವಾಗ ಎದೆಯ ಮೇಲೆ ಎಲ್ಲ ಕೆಲಸಗಾರರ ಹಾಗೆ ಒಂದು ಬ್ಯಾಡ್ಜು, ಅದರ ಮೇಲೆ ಬರೀ "ಜಿಮ್".

ಆಮೇಲೆ 2009 ಬಂತು. ಆರ್ಥಿಕ ಕುಸಿತದ ವರ್ಷ. ಅಮೆರಿಕದಲ್ಲಿ ಕಂಪನಿಗಳು ಸಾಲುಸಾಲಾಗಿ ಜನರನ್ನು ಮನೆಗೆ ಕಳಿಸುತ್ತಿದ್ದ ಹೊತ್ತು. ಕಾಸ್ಟ್‌ಕೋದೊಳಗೆ ಆಗ ನಡೆದದ್ದನ್ನು ಕಂಪನಿಯ ಹಣಕಾಸು ಮುಖ್ಯಸ್ಥ ರಿಚರ್ಡ್ ಗಲಾಂಟಿ ಆಮೇಲೆ ಹೇಳಿದ್ದಾರೆ. ಸಂಬಳದ ವಿಷಯ ಬಂದಾಗ ಸಿನೆಗಲ್ ಅವರ ಬಾಯಿಂದ ಬಂದ ಮೊದಲ ಮಾತು: ಕಾಲ ಕೆಟ್ಟಿದೆ, ಇವರಿಗೆ ಇನ್ನೂ ಜಾಸ್ತಿ ಕೊಡೋದು ಹೇಗೆ ಅಂತ ಯೋಚನೆ ಮಾಡಬೇಕೇ ಹೊರತು ಕಮ್ಮಿ ಮಾಡೋದು ಹೇಗೆ ಅಂತಲ್ಲ. ಗಂಟೆ ಲೆಕ್ಕದ ಬಹಳಷ್ಟು ನೌಕರರಿಗೆ ಮೂರು ವರ್ಷದಲ್ಲಿ ಹಂಚಿ ಏರಿಕೆ ಕೊಟ್ಟರು. ಎಷ್ಟು ಗೊತ್ತಾ? ಗಂಟೆಗೆ ಒಂದೂವರೆ ಡಾಲರ್.

ಅಂಕಿ ಹೊಂದಿಕೊಂಡದ್ದು ಕಾಕತಾಳೀಯ ಇರಬಹುದು. ಆದರೂ ಇದನ್ನು ಮೊದಲ ಸಲ ಓದಿದಾಗ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಹೆಚ್ಚುಕಮ್ಮಿ ಅವೇ ವರ್ಷಗಳಲ್ಲಿ ಒಂದು ಕಡೆ ಗಿರಾಕಿಯ ಒಂದೂವರೆ ಡಾಲರ್ ಏರಬಾರದು ಅಂತ ಕಾರ್ಖಾನೆ ಕಟ್ಟುತ್ತಿದ್ದಾರೆ, ಇನ್ನೊಂದು ಕಡೆ ಕೆಲಸಗಾರನ ಕೈಗೆ ಒಂದೂವರೆ ಡಾಲರ್ ಜಾಸ್ತಿ ಹಾಕುತ್ತಿದ್ದಾರೆ.

ಲೆಕ್ಕದ ಇನ್ನೊಂದು ಮಗ್ಗುಲು

ಇಷ್ಟು ಹೇಳಿ ನಿಲ್ಲಿಸಿದರೆ ಪ್ರಕರಣ ಪೂರ್ತಿಯಾಗುವುದಿಲ್ಲ. ಈ ಹಟ ಕಾಸ್ಟ್‌ಕೋಗೆ ಹೇಗೆ ಗಿಟ್ಟಿತು ಅನ್ನುವುದನ್ನೂ ನೋಡಬೇಕು.

ಅವರ ಲಾಭ ಮುಖ್ಯವಾಗಿ ಬರುವುದು ಸದಸ್ಯರ ಫೀಸಿನಿಂದ. 2023ರ ಹಣಕಾಸು ವರ್ಷದಲ್ಲಿ ಫೀಸಿನಿಂದಲೇ ಸುಮಾರು 458 ಕೋಟಿ ಡಾಲರ್ ಬಂತು. ಆ ವರ್ಷದ ನಿವ್ವಳ ಲಾಭ ಸುಮಾರು 629 ಕೋಟಿ. ಅಂದರೆ ಗಿರಾಕಿ ಮುಂದಿನ ವರ್ಷವೂ ಕಾರ್ಡು ನವೀಕರಿಸುವುದು ಅವರಿಗೆ ಒಂದು ಸಾಮಾನಿನ ಮೇಲೆ ನಾಲ್ಕು ಕಾಸು ಜಾಸ್ತಿ ಸಿಗುವುದಕ್ಕಿಂತ ಮುಖ್ಯ. ಹಾಟ್ ಡಾಗ್ ಬೆಲೆ ಆ ನಂಬಿಕೆಯ ಗುರುತು. ಹಾಗಾಗಿ ಸಿನೆಗಲ್ ಅವರದ್ದು ಬರೀ ಧರ್ಮಬುದ್ಧಿ ಅಂತ ನಾನು ಹೇಳುವುದಿಲ್ಲ, ಅವರೂ ಹಾಗೆ ಹೇಳಿಕೊಂಡವರಲ್ಲ. ಇದು ಒಳ್ಳೆ ವ್ಯಾಪಾರ ಅಂತಲೇ ಅವರ ವಾದ. ನ್ಯಾಯವೂ ಲಾಭವೂ ಒಂದೇ ದಿಕ್ಕಿಗೆ ಎಳೆಯುವ ಹಾಗೆ ಗಾಡಿ ಹೂಡಿದ್ದರಲ್ಲ, ಅದನ್ನು ನಾನು ಅವರ ದೊಡ್ಡ ಗುಣ ಅನ್ನುತ್ತೇನೆ.

ಕಾರ್ಖಾನೆ ಕಟ್ಟಲು ಗಾತ್ರವೂ ಬೇಕು. 2023ರ ಒಂದು ವರ್ಷದಲ್ಲಿ ಅವರು ಮಾರಿದ ಹಾಟ್ ಡಾಗ್-ಸೋಡಾ ಜೋಡಿ 20 ಕೋಟಿಯ ಹತ್ತಿರ. ನೂರಿನ್ನೂರು ಚದರಡಿಯ ಅಂಗಡಿಯವನು ರೇಟು ಏರಿಸಲ್ಲ ಅಂತ ಹೀಗೇ ಹಟ ಹಿಡಿದರೆ ಆರು ತಿಂಗಳಲ್ಲಿ ಬಾಗಿಲು ಹಾಕಬೇಕಾಗುತ್ತದೆ. ಅವನಿಗೆ ಬೇರೆ ಅಂಕಿ ಬೇಕು. ಉದ್ರಿ ಎಷ್ಟು ದಿನ, ತೂಕದಲ್ಲಿ ಎಷ್ಟು ಖಚಿತ, ಸರಬರಾಜು ಮಾಡಿದವರಿಗೆ ಎಷ್ಟು ದಿನದೊಳಗೆ ದುಡ್ಡು. ತನ್ನ ಕೈಯಲ್ಲಿ ಇರುವ ಒಂದನ್ನು ಆರಿಸಿಕೊಂಡರೆ ಸಾಕು.

ಇನ್ನೊಂದು ಮಾತು, ಇದು ಕಹಿ. ಒಳಗಿನವರನ್ನೇ ಬೆಳೆಸಿ ಮೇಲಕ್ಕೆ ತರುವುದು ಸಿನೆಗಲ್ ಅವರ ಹೆಮ್ಮೆ. ಆದರೆ ಮ್ಯಾನೇಜರ್ ಹುದ್ದೆಗಳಿಗೆ ಯಾರನ್ನು ಏರಿಸಬೇಕು ಅನ್ನುವುದು ಬಹುಕಾಲ ಮೇಲಿನವರ ಗುರುತು ಪರಿಚಯದ ಮೇಲೆಯೇ ನಡೆಯಿತು, ಹೆಂಗಸರಿಗೆ ಅವಕಾಶ ತಪ್ಪಿತು ಅಂತ 2004ರಲ್ಲಿ ಮಹಿಳಾ ನೌಕರರು ಕೋರ್ಟಿಗೆ ಹೋದರು. ಹತ್ತು ವರ್ಷದ ಹೊತ್ತಿಗೆ 80 ಲಕ್ಷ ಡಾಲರ್ ಕೊಟ್ಟು, ಬಡ್ತಿ ಕೊಡುವ ಕ್ರಮವನ್ನೂ ತಿದ್ದಿಕೊಳ್ಳಲು ಒಪ್ಪಿ ಕಂಪನಿ ರಾಜಿ ಮಾಡಿಕೊಂಡಿತು. ಬೆಲೆಗೆ ಅಂಕಿ ಇತ್ತು, ತಮ್ಮ ಸಂಬಳಕ್ಕೆ ಅಂಕಿ ಇತ್ತು. ಬಡ್ತಿಗೆ ಮಾತ್ರ ಬರೆದಿಟ್ಟ ಅಳತೆ ಇರಲಿಲ್ಲ. ಅಳತೆ ಇಲ್ಲದ ಕಡೆಯೇ ಆ ಆರೋಪ ಬಂದು ಮುಟ್ಟಿತು ಅನ್ನುವುದು ನನಗೆ ಈ ಇಡೀ ಪ್ರಕರಣದಲ್ಲಿ ಬಹಳ ಯೋಚನೆಗೆ ಹಚ್ಚಿದ ವಿಷಯ.

ಅವರು ಇಳಿದ ಮೇಲೆ

2012ರ ಜನವರಿ 1ರಂದು, ತಮ್ಮ 76ನೇ ಹುಟ್ಟುಹಬ್ಬದ ದಿನವೇ, ಸಿನೆಗಲ್ ಕುರ್ಚಿ ಬಿಟ್ಟುಕೊಟ್ಟರು. ಅದರ ಮೇಲೆ ಕೂತವರು ಬೈಸಿಕೊಂಡ ಜೆಲಿನೆಕ್ ಅವರೇ. 12 ವರ್ಷ ನಡೆಸಿದರು. ಹುರಿದ ಇಡೀ ಕೋಳಿಯನ್ನು 4.99 ಡಾಲರ್‌ಗೇ ಉಳಿಸಿಕೊಳ್ಳಬೇಕು ಅಂತ 2019ರಲ್ಲಿ ನೆಬ್ರಾಸ್ಕಾದ ಫ್ರೀಮಾಂಟ್‌ನಲ್ಲಿ ಕಂಪನಿಯದೇ ಕೋಳಿ ಕಾರ್ಖಾನೆ ಎದ್ದಿತು. ಈ ಸಲ ಯಾರೂ ಅವರಿಗೆ ಕೊಲ್ಲುತ್ತೇನೆ ಅನ್ನಬೇಕಾಗಿರಲಿಲ್ಲ. 2022ರಲ್ಲಿ ಎಲ್ಲ ಸಾಮಾನಿನ ಬೆಲೆ ಗಗನಕ್ಕೇರಿದ್ದಾಗ ಟಿವಿಯವರು ಹಾಟ್ ಡಾಗ್ ಬೆಲೆ ಏರಿಸುತ್ತೀರಾ ಅಂತ ಕೇಳಿದರು. ಜೆಲಿನೆಕ್ ಇಲ್ಲ ಅಂದರು.

ಅಕ್ಕನ ಮನೆಗೆ ಹೋದಾಗ ಇಸಾಕ್ವಾದ ಕಾಸ್ಟ್‌ಕೋಗೆ ಕರೆದುಕೊಂಡು ಹೋಗಿದ್ದಳು. ಕಂಪನಿಯ ಈಗಿನ ಮುಖ್ಯ ಕಚೇರಿ ಇರುವುದು ಅದೇ ಊರಿನಲ್ಲಿ. ನಮ್ಮ ಗಾಡಿಯಲ್ಲಿ ಅಕ್ಕಿ ಮೂಟೆ, ಊರಿಗೆ ಒಯ್ಯಲು ನಾಲ್ಕು ಪ್ಯಾಕೆಟ್ಟು ಬಾದಾಮಿ. ನಾವು ಮಾಂಸ ತಿನ್ನುವವರಲ್ಲ, ಹಾಗಾಗಿ 1.99ರ ಪಿಜ್ಜಾ ತುಂಡು ತಗೊಂಡು ಕೆಂಪು ಮೇಜಿನ ಮುಂದೆ ಕೂತೆವು. ಪಕ್ಕದಲ್ಲಿ ಕೆಲಸದ ಬಟ್ಟೆಯಲ್ಲೇ ಬಂದಿದ್ದ ಒಬ್ಬ ಅಜ್ಜ. ಬೆಳ್ಳಿ ಬಣ್ಣದ ಹಾಳೆ ಬಿಚ್ಚಿ ಹಾಟ್ ಡಾಗ್ ಮೇಲೆ ಸಾಸಿವೆ ಸಾಸನ್ನು ಈ ತುದಿಯಿಂದ ಆ ತುದಿಯವರೆಗೆ ನಿಧಾನಕ್ಕೆ ಗೆರೆ ಎಳೆದಂತೆ ಹಾಕಿದರು. ಒಂದು ಲೋಟ ಕುಡಿದರು, ಎದ್ದು ಹೋಗಿ ಇನ್ನೊಂದು ಲೋಟ ತುಂಬಿಸಿಕೊಂಡು ಬಂದರು. ಮೇಲೆ ಬೋರ್ಡಿನಲ್ಲಿ ಎಲ್ಲ ಐಟಮ್ಮಿಗಿಂತ ದೊಡ್ಡ ಅಕ್ಷರದಲ್ಲಿ 1.50 ಅಂತ ಇತ್ತು. 1985ರಲ್ಲಿ ಒಂದೂವರೆ ಡಾಲರ್‌ಗೆ ಸಿಗುತ್ತಿದ್ದದ್ದಕ್ಕೆ, ಬೆಲೆಯೇರಿಕೆ ಲೆಕ್ಕ ಹಾಕಿದರೆ, 2024ರಲ್ಲಿ 4 ಡಾಲರ್‌ಗೂ ಜಾಸ್ತಿ ಕೊಡಬೇಕು. ಆ ಅಜ್ಜ ಕೊಟ್ಟದ್ದು ಒಂದೂವರೆಯೇ.

2024ರಲ್ಲಿ ಗಲಾಂಟಿ ಅವರ ಜಾಗಕ್ಕೆ ಹೊಸ ಹಣಕಾಸು ಮುಖ್ಯಸ್ಥರು ಬಂದರು, ಗ್ಯಾರಿ ಮಿಲ್ಲರ್‌ಚಿಪ್. ಕಾಸ್ಟ್‌ಕೋದಲ್ಲಿ ಬೆಳೆದವರಲ್ಲ, ಕ್ರೋಗರ್ ಅನ್ನುವ ದೊಡ್ಡ ಸೂಪರ್ ಮಾರ್ಕೆಟ್ ಕಂಪನಿಯಿಂದ ಬಂದವರು. ಹೊರಗಿನವರು ಬಂದರು, ಇನ್ನು ಹಾಟ್ ಡಾಗ್ ಬೆಲೆ ಉಳಿಯುವುದಿಲ್ಲ ಅಂತ ಪತ್ರಿಕೆಗಳಲ್ಲಿ ಗುಸುಗುಸು ಎದ್ದಿತು. ಮೇ ಕೊನೆಯಲ್ಲಿ ಹೂಡಿಕೆದಾರರ ಜೊತೆ ಅವರ ಮೊದಲ ಮಾತುಕತೆ. ಕೋಟಿಗಟ್ಟಲೆ ಡಾಲರ್‌ಗಳ ಲೆಕ್ಕ ಒಪ್ಪಿಸುವ ನಡುವೆ, ಪತ್ರಿಕೆಗಳಲ್ಲಿ ಬಂದ ಊಹಾಪೋಹಕ್ಕೆ ತೆರೆ ಎಳೆಯುತ್ತೇನೆ ಅಂತ ಹೇಳಿ, ಒಂದೂವರೆ ಡಾಲರ್‌ನ ಹಾಟ್ ಡಾಗ್ ಬೆಲೆಗೆ ಏನೂ ಆಗುವುದಿಲ್ಲ ಅಂತ ಖಚಿತ ಮಾತು ಕೊಟ್ಟರು.